ಮರುಳಸಿದ್ದಪ್ಪ ವಕೀಲರ ‘ನೋಡೋಣ’

ಹೊಸಪೇಟೆಯ ಮರುಳಸಿದ್ದಪ್ಪ ವಕೀಲರ ಬಾಯಿಂದ ಒಂದು ಮಾತು ಜಾರಿದ್ದನ್ನು ನಾನು ಕಂಡವನಲ್ಲ. ಮುನ್ಸಿಫ್ ಕೋರ್ಟಿನಲ್ಲಿ ಗದ್ದೆ, ಕಾಲುವೆ ವ್ಯಾಜ್ಯ ನಡೆಸುತ್ತಿದ್ದ ಅವರನ್ನು ಮದರಾಸಿನ ಸರ್ಕಾರ ಹುಡುಕಿಕೊಂಡು ಬಂದದ್ದು ಆ ಗುಣಕ್ಕಾಗಿಯೇ. ತುಂಗಭದ್ರೆಯ ಈ ದಡ ನಮ್ಮದು, ಆ ದಡ ನಿಜಾಮರದು. ನಡುವೆ ಅಕ್ಕಿ, ಹತ್ತಿ, ಬೆಲ್ಲ ಓಡಾಡಬೇಕಾದರೆ ಸುಂಕದ ಜಗಳ ತಪ್ಪಿದ್ದಲ್ಲ. ಎರಡೂ ಕಡೆಯವರನ್ನು ಕೂರಿಸಿ ಮಾತು ಕುದುರಿಸಬಲ್ಲವರೊಬ್ಬರು ಬೇಕಿತ್ತು. ವಕೀಲರು ಕರಿಕೋಟನ್ನು ಮೊಳೆಗೆ ಹಾಕಿ ಹೋದರು. ಹೈದರಾಬಾದು, ಕೊಲಂಬೊ, ದಿಲ್ಲಿ ತಿರುಗಿ ಕೆಲವೇ ವರ್ಷಗಳಲ್ಲಿ ವ್ಯಾಪಾರ ಸಂಧಾನದ ದೊಡ್ಡ ಕುರ್ಚಿಗೆ ಏರಿದರು. ರಜೆಯಲ್ಲಿ ಅವರ ಮನೆ ಕಟ್ಟೆಯ ಮೇಲೆ ಕೂರುವುದೇ ದೊಡ್ಡಸ್ತಿಕೆ ಎಂದುಕೊಂಡ ನನ್ನಂಥವರು ಊರಲ್ಲಿ ಬಹಳ ಮಂದಿ.

ಆ ಕುರ್ಚಿ ಅವರಿಗೆ ಒಂದು ಪಾಠ ಕಲಿಸಿತ್ತು. ಆಗದ್ದನ್ನು ಆಗದು ಎಂದೇ ಹೇಳಬೇಕು. ಸಹಿ ಬೀಳುವ ತನಕ ಆಗುತ್ತದೆ ಎನ್ನಬಾರದು. ಅವರು “ನೋಡೋಣ” ಎಂದರೆ ಕೆಲಸ ಅರ್ಧ ಮುಗಿದಂತೆ ಎಂದು ಹೈದರಾಬಾದಿನ ಅಧಿಕಾರಿಗಳಿಗೂ ಗೊತ್ತಿತ್ತು.

ನಮ್ಮ ಕಡೆ ಹಾಗಲ್ಲ. ಮುಖ ನೋಡಿ ಇಲ್ಲ ಎನ್ನಲು ನಮಗೆ ನಾಲಿಗೆಯೇ ಏಳದು. ಹೆಣ್ಣು ಕೇಳಲು ಬಂದವರಿಗೆ “ನೋಡೋಣ” ಎಂದರೆ ಅವರು ಸುಮ್ಮನೆ ಎದ್ದು ಚಪ್ಪಲಿ ಮೆಟ್ಟುತ್ತಾರೆ.

ಯುದ್ಧದ ಕಾಲಕ್ಕೆ ಬೆಲ್ಲ ಹೊಳೆ ದಾಟಬಾರದೆಂದು ಕಟ್ಟಪ್ಪಣೆಯಾಯಿತು. ಕಂಪ್ಲಿಯಲ್ಲಿ ವಕೀಲರ ಅಕ್ಕ ಅಕ್ಕನಾಗಮ್ಮ, ಭಾವ ಜಡೆಪ್ಪ ಆಲೆಮನೆ ನಡೆಸುತ್ತಿದ್ದರು. ಗಂಗಾವತಿಗೆ ಹೋಗಬೇಕಾದ ಆ ವರ್ಷದ ಬೆಲ್ಲವೆಲ್ಲ ಮನೆಯಲ್ಲೇ ಕೂತಿತು. ತಮ್ಮ ರಜೆಗೆ ಬಂದಿದ್ದಾನೆಂದು ತಿಳಿದು ಅಕ್ಕ ಹೊಸಪೇಟೆಗೆ ಬಂದರು. ನಾನು ಕಟ್ಟೆಯ ಮೇಲೇ ಇದ್ದೆ.

“ಲೇ ಮರುಳಾ, ಮಳಿ ಹತ್ತಿದ್ರ ಬೆಲ್ಲ ಎಲ್ಲಾ ಕರಗಿ ನೀರಾಗ್ತೈತಿ. ಆಚಿ ದಂಡಿಗೆ ಒಯ್ಯಾಕ ಒಂದು ಪರವಾನಗಿ ಕೊಡ್ಸು. ಇಲ್ಲಾಂದ್ರ ಕದ್ದಾರ ಒಯ್ತೀನಿ ಅಂತ ನಿಮ್ಮ ಭಾವ ಕುಣಿಯಾಕತ್ಯಾರ. ನನಗ ಭಾಳ ಹೆದ್ರಿಕಿ.”

“ನೋಡೋಣಕ್ಕ,” ಎಂದರು ವಕೀಲರು.

ಅಕ್ಕನ ಮುಖ ಇಳಿಯಿತು. ಕೊಟ್ಟ ಮಜ್ಜಿಗೆ ಮುಟ್ಟದೆ ಎದ್ದು ಹೋದರು. ತಮ್ಮನಿಗೆ ಅದು ಕಾಣಲೇ ಇಲ್ಲ. ಹೈದರಾಬಾದಿನಲ್ಲಿ ಯಾರನ್ನು ಕಾಣಬೇಕೆಂದು ಅವರು ಆಗಲೇ ಯೋಚಿಸುತ್ತಿದ್ದರು. ರಜೆ ಬಿಟ್ಟು ಮರುದಿನವೇ ರೈಲು ಹತ್ತಿದರು.

ಕಂಪ್ಲಿಯಲ್ಲಿ ಅಕ್ಕ ಗಂಡನಿಗೆ ಹೇಳಿದರು: “ನನ್ನ ತಮ್ಮ ಒಲ್ಲೆ ಅಂದ.”

ಮಳೆ ಹಿಡಿಯಿತು. ಕಂಪ್ಲಿಯ ಹೊಳೆದಂಡೆಗೆ ಕಾವಲಿತ್ತು. ಜಡೆಪ್ಪ ಬುಕ್ಕಸಾಗರಕ್ಕೆ ಬೆಲ್ಲ ಸಾಗಿಸಿ ಅಲ್ಲಿಂದ ಹರಿಗೋಲು ಬಿಟ್ಟರು. ಏರುತ್ತಿದ್ದ ನೀರಿನಲ್ಲಿ ಅದು ಬಂಡೆಗೆ ಬಡಿಯಿತು. ಹೆಣ ಕಂಪ್ಲಿಗೇ ತೇಲಿ ಬಂತು.

ವಕೀಲರು ಪರವಾನಗಿ ಹಿಡಿದು ಬಂದಾಗ, ಮಣ್ಣು ಮಾಡಿ ಬಂದ ನಾವು ಅಕ್ಕನ ಅಂಗಳದಲ್ಲಿ ಕಾಲು ತೊಳೆಯುತ್ತಿದ್ದೆವು.

“ಅಕ್ಕಾ, ನೋಡೋಣ ಅಂದಿದ್ನಲ್ಲ. ತಂದೀನಿ,” ಎಂದರು.

ನನಗೆ ಸಿಟ್ಟು ಉಕ್ಕಿತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಒಬ್ಬರದಾದರೂ ತಪ್ಪಿದ್ದರೆ ಬೈದು ಹಗುರಾಗಬಹುದಿತ್ತು. ಇಬ್ಬರೂ ಸರಿಯಾದ ಕನ್ನಡವನ್ನೇ ಆಡಿದ್ದರು.

ಅಕ್ಕನಾಗಮ್ಮ ಬೈಯಲಿಲ್ಲ, ಅಳಲಿಲ್ಲ. ತೊಟ್ಟಿಲಲ್ಲಿ ತೂಗಿ ಬೆಳೆಸಿದ ತಮ್ಮನಿಗೆ ಕಂಬಳಿ ಹಾಸಿ, ಸೆರಗು ಹೊದ್ದು ದೂರ ನಿಂತರು.

“ಬರ್ರಿ ಸಾಹೇಬ್ರ,” ಎಂದರು. “ಕುಂದ್ರಿ.”