ಹತ್ತನೆಯ ಗಂಟು

ಕಪಾಟಿನ ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿದದ್ದು ತೆಂಗಿನ ನಾರಿನ ವಾಸನೆ. ಚೆನ್ನಾಗಿ ನೆನೆದು, ಒಣಗುವ ಮೊದಲೇ ಸುತ್ತಿಟ್ಟ ಹಗ್ಗದ ಮುಗ್ಗಲು ವಾಸನೆ. ಅದರ ಹಿಂದೆ ಸೀಮೆಸುಣ್ಣದ ಪುಡಿ, ಹಳೆಯ ನಕ್ಷೆಗಳ ಬಟ್ಟೆ, ಜಿರಳೆ ಗುಳಿಗೆ... ಆದರೆ ನನಗೆ ತಾಗಿದ್ದು ನಾರಿನ ವಾಸನೆ ಒಂದೇ.

ಸುಳ್ಯಕ್ಕೂ ಕಡಬಕ್ಕೂ ನಡುವಿನ ಆ ಶಾಲೆಯಲ್ಲಿ ನಾನು ಮೊದಲ ಬಾರಿಗೆ ಕೆಲಸಕ್ಕೆ ಸೇರಿದ್ದು. ಈಗ ಇರುವುದು ಪುತ್ತೂರು ತಾಲೂಕಿನಲ್ಲಿ. ಮರುವಾರ ಪುತ್ತೂರಿನಲ್ಲಿ ಆರು, ಏಳು, ಎಂಟನೆಯ ತರಗತಿಗಳ ಗಣಿತ ಶಿಕ್ಷಕರಿಗೆ ಕಲಿಕೋಪಕರಣಗಳ ತರಬೇತಿ ಇತ್ತು. ಅದನ್ನು ನಡೆಸಿಕೊಡುವ ಹೊಣೆ ನನ್ನದು. ತೋರಿಸಲು ಹಳೆಯ ಸಾಮಾನು ಏನಾದರೂ ಸಿಕ್ಕೀತೆಂದು ಹಳೆಯ ಶಾಲೆಗೆ ಹೋಗಿದ್ದೆ. ಈಗಿನ ಮುಖ್ಯ ಶಿಕ್ಷಕಿ ಬೀಗದ ಕೈ ಕೊಟ್ಟು, "ಅದರಲ್ಲಿ ಎಂತ ಉಂಟೂಂತ ನನಗೇ ಗೊತ್ತಿಲ್ಲ ಸರ್, ಬೇಕಾದ್ದು ತಕೊಂಡು ಹೋಗಿ" ಅಂದಿದ್ದರು.

ಏನಿದೆ ಎಂದು ನನಗೆ ಗೊತ್ತಿತ್ತು.

ನಾನು ಗದಗದ ಕಡೆಯವನು. ಬಿ.ಎಡ್ ಮುಗಿಸಿ, ಪರೀಕ್ಷೆ ಪಾಸಾಗಿ ಈ ಕಡೆಗೆ ಬಂದಾಗ ಇಲ್ಲಿನ ಮಕ್ಕಳ ಮಾತು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಆಟಕ್ಕೆ ಬಿಟ್ಟರೆ ತುಳು, ಜಗಳಕ್ಕೆ ಅರೆಭಾಷೆ, ನನ್ನ ಹತ್ತಿರ ಮಾತ್ರ ಪುಸ್ತಕದ ಕನ್ನಡ. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಹಿರಿಯ ಶಿಕ್ಷಕಿಯನ್ನು ಮಕ್ಕಳು ದೊಡ್ಡ ಟೀಚರ್ ಎನ್ನುತ್ತಿದ್ದರು. ಹಾಗಾಗಿ ನಾನು ಸಣ್ಣ ಮಾಷ್ಟ್ರಾದೆ. ಅವರಿಗಿಂತ ಒಂದು ಮೊಳ ಎತ್ತರವಿದ್ದರೂ ಸಣ್ಣ ಮಾಷ್ಟ್ರೇ.

ದೊಡ್ಡ ಟೀಚರ್ ಪೇಟೆಯಿಂದ ತಂದ ಚಾರ್ಟುಗಳನ್ನು ಗೋಡೆಗೆ ಹೊಡೆದು ಮರೆತುಬಿಡುವವರು. ಅವರ ಪಾಠದ ಸಾಮಾನು ಬೇರೆ. ಭಿನ್ನರಾಶಿಗೆ ಅಡಿಕೆ ಹಾಳೆ. ಮಡಚಿ, ಗೆರೆ ಎಳೆದು, ಕತ್ತರಿಸಿ, ಮೂರನೇ ಎರಡು ಯಾವುದು ನಾಲ್ಕನೇ ಮೂರು ಯಾವುದು ಎಂದು ಕೈಯಲ್ಲಿ ಹಿಡಿಸುತ್ತಿದ್ದರು. ಋಣ ಸಂಖ್ಯೆಗಳಿಗೆ ಶಾಲೆಯ ಮೆಟ್ಟಲು. ನಮ್ಮ ಶಾಲೆ ಗುಡ್ಡದ ಇಳಿಜಾರಿನಲ್ಲಿತ್ತು. ಜಗಲಿಯೇ ಸೊನ್ನೆ, ಮೇಲಿನ ರಸ್ತೆಗೆ ಹತ್ತುವ ಮೆಟ್ಟಲುಗಳು ಧನ, ಕೆಳಗೆ ಕುಡಿಯುವ ನೀರಿನ ನಳ್ಳಿಯ ಕಡೆಗೆ ಇಳಿಯುವವು ಋಣ. ನಾನು ಸೇರಿದ ವಾರದಲ್ಲೇ ಇಬ್ಬರು ಹುಡುಗಿಯರು ಏದುಸಿರು ಬಿಡುತ್ತ ಓಡಿ ಬಂದು, "ಸರ್, ಮೈನಸ್ ನಾಲ್ಕರಲ್ಲಿ ಹಾವುಂಟು!" ಅಂದಿದ್ದರು. ನನಗೆ ಏನೂ ತಿಳಿಯಲಿಲ್ಲ. ದೊಡ್ಡ ಟೀಚರ್ ಪುಸ್ತಕದಿಂದ ತಲೆ ಎತ್ತದೆ, "ಹಾಗಾದ್ರೆ ಮೈನಸ್ ಎರಡರಲ್ಲೇ ನಿಲ್ಲಿ, ಅದು ಹೋಗ್ಲಿ" ಅಂದರು.

ಅವರಿಗೆ ಎಲ್ಲಕ್ಕಿಂತ ಪ್ರೀತಿಯದು ಆ ನಾರಿನ ಹಗ್ಗ. ಗೇಣು ಗೇಣಿಗಲ್ಲ, ಸರಿಯಾಗಿ ಅಳೆದು ಹತ್ತು ಸೆಂಟಿಮೀಟರಿಗೊಂದು ಗಂಟು. ಪ್ರತಿ ಹತ್ತನೆಯ ಗಂಟಿಗೆ ಕೆಂಪು ಬಟ್ಟೆಯ ಚೂರು, ಅಲ್ಲಿಗೆ ಒಂದು ಮೀಟರು. ದಶಮಾಂಶ, ಸುತ್ತಳತೆ, ಸರಾಸರಿ ಎಲ್ಲವೂ ಆ ಹಗ್ಗದಲ್ಲೇ. ಮಕ್ಕಳು ಸಾಲಾಗಿ ಹಗ್ಗ ಜಾರಿಸುತ್ತ ಗಂಟು ಎಣಿಸಬೇಕು. ಹತ್ತು ಎಂದ ಕೂಡಲೇ ಎಲ್ಲರೂ ಕೈಗೆ ಸಿಕ್ಕ ಗಂಟನ್ನು ಬಿಗಿಯಾಗಿ ಹಿಡಿದು ಕಲ್ಲಿನ ಹಾಗೆ ನಿಲ್ಲಬೇಕು. ಅಲುಗಿದರೆ ಲೆಕ್ಕ ತಪ್ಪುತ್ತದೆ, ಮತ್ತೆ ಮೊದಲಿನಿಂದ.

"ತುಳುವಿನಲ್ಲಿ ಹತ್ತಕ್ಕೆ ಪತ್ತ್ ಅಂತ ಹೇಳುದು. ಹಿಡಿ ಅನ್ನಲಿಕ್ಕೂ ಪತ್ತ್" ಎಂದು ಒಮ್ಮೆ ನನಗೆ ವಿವರಿಸಿದ್ದರು. "ಹಾಗೆ ಈ ಮಕ್ಕಳಿಗೆ ಹತ್ತು ಅಂದ್ರೆ ಹಿಡಿಯುದು ಅಂತ ಹೇಳಿಕೊಡ್ಬೇಕಾಗೇ ಇಲ್ಲ ಮಾಷ್ಟ್ರೇ."

"ನಮ್ಮ ಕಡೆ ಹತ್ತು ಅಂದ್ರ ಏರು ಅಂತ್ರೀ" ಅಂದೆ ನಾನು.

"ಹೌದಾ? ಹಾಗಾದ್ರೆ ನಿಮ್ಮೂರಲ್ಲಿ ಈ ಪಾಠ ಮಾಡಿದ್ರೆ ಮಕ್ಕಳೆಲ್ಲ ಮರದ ಮೇಲೆ!"

ಇಬ್ಬರೂ ನಕ್ಕೆವು. ಮಕ್ಕಳೂ ನಕ್ಕರು. ಆ ನಗು ಈಗಲೂ ಕೇಳುತ್ತದೆ...

ದೀಪಾವಳಿ ರಜೆ ಮುಗಿದು ಶಾಲೆ ತೆರೆದಿತ್ತು. ಏಳನೆಯ ತರಗತಿಗೆ ಸರಾಸರಿಯ ಪಾಠ. ಶಾಲೆಯ ಹಿಂದಿನ ಹೊಳೆಯ ಅಗಲವನ್ನು ಐದು ಕಡೆ ಅಳೆದು ಸರಾಸರಿ ತೆಗೆಯುವುದೆಂದು ನಿಶ್ಚಯವಾಗಿತ್ತು. ದೊಡ್ಡ ಟೀಚರ್ ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದಿದ್ದರು. ನನ್ನನ್ನು ಜೊತೆಗೆ ಕರೆದರು. ನೀರು ಮಕ್ಕಳ ಕಾಲಿನ ಹರಡಿನ ತನಕ ಮಾತ್ರ ಇತ್ತು, ತಳದ ಕಲ್ಲು ಕಾಣುವಷ್ಟು ತಿಳಿ. ನಮ್ಮ ತಲೆಯ ಮೇಲೆ ಬಿಸಿಲು. ಘಟ್ಟದ ಕಡೆ ಮಾತ್ರ ಕಪ್ಪಗಿತ್ತು.

ದೊಡ್ಡ ಟೀಚರ್ ಅದನ್ನು ನೋಡಿದ್ದರು. ನೋಡಿಯೇ ನನ್ನನ್ನು ಮೇಲಿನ ತಿರುವಿನ ಹತ್ತಿರ ದಂಡೆಯಲ್ಲಿ ನಿಲ್ಲಿಸಿದರು. "ನೀವು ನೀರನ್ನೇ ನೋಡ್ತಾ ಇರಿ ಮಾಷ್ಟ್ರೇ. ಮಲೆಯಲ್ಲಿ ಮಳೆ ಬಂದ್ರೆ ಹೊಳೆ ಹೇಳದೆ ಬರ್ತದೆ. ಬಣ್ಣ ಬದಲಾಯ್ತೋ, ತರಗೆಲೆ ಬಂತೋ, ಒಂದು ಬೊಬ್ಬೆ ಹಾಕಿ, ಸಾಕು."

ಹಗ್ಗದ ಒಂದು ತುದಿಯನ್ನು ನಮ್ಮ ದಂಡೆಯ ಹೊಂಗೆ ಮರಕ್ಕೆ ಕಟ್ಟಿದ್ದರು. ಎಂಟು ಮಕ್ಕಳು ಅದನ್ನು ಹಿಡಿದು ಹೊಳೆಗೆ ಅಡ್ಡಲಾಗಿ ಸಾಲು ನಿಂತಿದ್ದರು. ಆಚೆ ತುದಿಯಲ್ಲಿ ತರಗತಿಯಲ್ಲೇ ಎತ್ತರದ ಹುಡುಗಿ. ಸಂಪಾಜೆ ಕಡೆಯಿಂದ ಆ ವರ್ಷವಷ್ಟೇ ಬಂದು ಸೇರಿದ್ದ, ಮನೆಯಲ್ಲಿ ಅರೆಭಾಷೆ ಆಡುವ ಹುಡುಗಿ. ಉಳಿದ ಮಕ್ಕಳು ದಂಡೆಯಲ್ಲಿ ಪಟ್ಟಿ ಪುಸ್ತಕ ಹಿಡಿದು ಕೂತಿದ್ದರು. ಟೀಚರ್ ಅವರ ಪಕ್ಕ ಬಗ್ಗಿ ಯಾರದೋ ಕೂಡುವ ಲೆಕ್ಕ ತಿದ್ದುತ್ತಿದ್ದರು. ನಾಲ್ಕು ಅಳತೆ ಮುಗಿದಿತ್ತು.

ಮೊದಲು ಬಂದದ್ದು ವಾಸನೆ. ಹಸಿ ಮಣ್ಣಿನದು. ಆಮೇಲೆ ತಿರುವಿನಲ್ಲಿ ನೀರು ಕೆಂಪಾಯಿತು, ತರಗೆಲೆಗಳ ಒಂದು ಪದರ ಅದರ ಮುಂದೆ ಮುಂದೆ. ಸದ್ದು ಇನ್ನೂ ಬಂದಿರಲಿಲ್ಲ. ನಾನು ತಿರುಗಿ, ಮರದ ಪಕ್ಕದಲ್ಲೇ ನಿಂತಿದ್ದ ಮೊದಲ ಹುಡುಗಿಯನ್ನು ನೋಡಿ, ನನ್ನ ಊರಿನ ಬಾಯಲ್ಲಿ, ಇದ್ದಷ್ಟು ದನಿಯಲ್ಲಿ ಕೂಗಿದೆ.

"ಹತ್ತು! ಹತ್ತು!"

ಎಂಟೂ ಮಕ್ಕಳು ಗಂಟು ಹಿಡಿದು ಕಲ್ಲಾದರು.

ನನಗೆ ಅರ್ಥವಾಗಲಿಲ್ಲ. ಯಾಕೆ ಹತ್ತುತ್ತಿಲ್ಲ ಇವರು? ಇನ್ನೂ ಜೋರಾಗಿ ಕೂಗಿದೆ. ಕೂಗಿದಷ್ಟೂ ಅವರು ಬಿಗಿಯಾಗಿ ಹಿಡಿದರು. ಒಬ್ಬಳು ನನ್ನ ಕಡೆ ನೋಡಿ ನಕ್ಕಳು ಕೂಡ. ಸಣ್ಣ ಮಾಷ್ಟ್ರು ಇವತ್ತು ಲೆಕ್ಕ ಕೂಗುತ್ತಿದ್ದಾರೆ ಎಂದುಕೊಂಡಿರಬೇಕು. ಹಿಂದಿನಿಂದ ಸದ್ದು ಬಂತು. ಲಾರಿಯಿಂದ ಜಲ್ಲಿ ಸುರಿದಂಥ ಸದ್ದು. ನಾನು ಓಡಿದೆ, ಓಡುತ್ತಲೂ ಅದೇ ಮಾತನ್ನು ಕೂಗಿದೆ. ಅದೊಂದೇ ಮಾತು ನನ್ನ ಬಾಯಲ್ಲಿತ್ತು.

ದೊಡ್ಡ ಟೀಚರಿಗೆ ಒಂದು ಗಳಿಗೆಯಲ್ಲಿ ತಿಳಿದುಹೋಗಿತ್ತು. ಸೀರೆ ಎತ್ತಿ ಕಟ್ಟಲೂ ನಿಲ್ಲದೆ ನೀರಿಗೆ ಇಳಿದರು. "ಬುಡ್ಲೆ! ಬುಡ್ಲೆ! ಮಿತ್ತ್ ಬಲೆ!" ಬಿಡಿ, ಮೇಲೆ ಬನ್ನಿ ಎಂದು. ಮಕ್ಕಳು ಬಿಟ್ಟರು. ಬಿದ್ದು, ಎದ್ದು, ಒಬ್ಬರನ್ನೊಬ್ಬರು ಎಳೆದುಕೊಂಡು ದಂಡೆಗೆ ಬಂದರು. ಟೀಚರ್ ಇಬ್ಬರನ್ನು ಕುತ್ತಿಗೆಪಟ್ಟಿ ಹಿಡಿದೇ ಮೇಲಕ್ಕೆ ದೂಡಿದರು. ಏಳು ಜನ ಬಂದರು.

ಆಚೆ ತುದಿಯವಳಿಗೆ ಟೀಚರ ಆ ಕೂಗು ನೀರಿನ ಸದ್ದಿನಲ್ಲಿ ಕೇಳಿಸಲಿಲ್ಲ. ಅವಳು ಗಂಟು ಹಿಡಿದೇ ಇದ್ದಳು. ಕೆಂಪು ನೀರು ಅವಳ ಸೊಂಟಕ್ಕೆ ಬಂತು. ಆಮೇಲೆ ಅವಳು ಕಾಣಲಿಲ್ಲ.

ಹಗ್ಗ ಮಾತ್ರ ಬಿಗಿಯಾಗಿತ್ತು. ತುದಿಯಲ್ಲಿ ಭಾರವಿದೆ ಎಂದು ಅದರಿಂದಲೇ ತಿಳಿದದ್ದು. ಮರಕ್ಕೆ ಕಟ್ಟಿದ ಹಗ್ಗವಾದ್ದರಿಂದ ನೀರು ಅವಳನ್ನು ಕೆಳಗೆ ಒಯ್ಯುತ್ತ, ವಾಲಿಸಿ ನಮ್ಮ ದಂಡೆಯ ಕಡೆಗೇ ತಂದಿತು. ಟೀಚರ್ ಮುಂದೆ, ನಾನು ಹಿಂದೆ. ಗಂಟು ಗಂಟಾಗಿ ಎಳೆದೆವು. ಅಂಗೈ ಸುಲಿಯಿತು. ಮೊದಲು ಕಂಡದ್ದು ಎರಡು ಕೈ. ಕೆಂಪು ಬಟ್ಟೆ ಕಟ್ಟಿದ್ದ ಗಂಟಿನ ಸುತ್ತ.

ದಂಡೆಯಲ್ಲಿ ಮಲಗಿಸಿ ಬೆನ್ನು ತಟ್ಟಿದಾಗ ಅವಳು ನೀರು ಕಾರಿದಳು, ಕೆಮ್ಮಿದಳು. ಬೆರಳು ಬಿಡಿಸಲು ಆಗಲಿಲ್ಲ. ಟೀಚರ್ ಒಂದೊಂದೇ ಬೆರಳನ್ನು ಉಜ್ಜಿ ಬಿಡಿಸುತ್ತಿದ್ದಾಗ ಅವಳು ಹೇಳಿದಳು, "ಹತ್ತು ಹೇಳಿದ್ರಲ್ಲ ಟೀಚರೇ, ಅದಕ್ಕೆ ನಾನು ಬಿಡ್ಲಿಲ್ಲ."

ಟೀಚರ್ ತಲೆ ಎತ್ತಿ ನನ್ನನ್ನು ನೋಡಿದರು. ಬೈಯುವ ನೋಟವಲ್ಲ. ಅದು ಏನೆಂದು ಇವತ್ತಿಗೂ ಹೇಳಲಾರೆ...

ಮರುದಿನ ಶಾಲೆಯಲ್ಲಿ ಸಭೆ. ಹುಡುಗಿಯ ಅಪ್ಪ ಎದ್ದು ನಿಂತರು. "ಗಣಿತ ಕಲಿಸ್ಲಿಕ್ಕೆ ಹೊಳೆ ಯಾಕೆ ಟೀಚರೇ? ಬೋರ್ಡಿನಲ್ಲಿ ಜಾಗ ಇಲ್ವಾ?" ಹಿಂದಿನಿಂದ ಯಾರೋ, "ನಾಳೆ ಗುಣಾಕಾರಕ್ಕೆ ಸಮುದ್ರಕ್ಕೆ ಕರ್ಕೊಂಡು ಹೋಗ್ತಾರೆ ಮಾರಾಯ್ರೆ" ಅಂದರು. ಮಕ್ಕಳು ಓಡದೆ ಯಾಕೆ ನಿಂತರು ಎಂದು ಮುಖ್ಯ ಶಿಕ್ಷಕರು ಕೇಳಿದರು.

ನಾನು ಎದ್ದೇಳಬೇಕು. ಕುರ್ಚಿಯ ಕೈ ಹಿಡಿದುಕೊಂಡಿದ್ದೆ. ಅಷ್ಟರಲ್ಲಿ ದೊಡ್ಡ ಟೀಚರ್ ಎದ್ದರು. "ಹತ್ತು ಅಂದ್ರೆ ನಿಲ್ಲಬೇಕು ಅಂತ ಕಲಿಸಿದ್ದು ನಾನು. ಆ ಮಾತು ಕೇಳಿ ನಿಂತ್ರು. ನನ್ನ ಕ್ಲಾಸು, ನನ್ನ ತಪ್ಪು."

ಯಾರು ಕೂಗಿದ್ದು ಎಂದು ಯಾರೂ ಕೇಳಲಿಲ್ಲ. ಅವರೇ ಕೂಗಿದ್ದೆಂದು ಎಲ್ಲರೂ ತಿಳಿದರು. ಮಕ್ಕಳನ್ನು ಯಾರೂ ವಿಚಾರಿಸಲಿಲ್ಲ.

ಹೊರಗೆ ಬಂದ ಮೇಲೆ ಜಗಲಿಯಲ್ಲಿ ಅವರನ್ನು ತಡೆದು ನಿಲ್ಲಿಸಿದೆ. ಒಳಗೆ ಹೋಗಿ ಹೇಳುತ್ತೇನೆ ಅಂದೆ. "ಸುಮ್ಮನಿರಿ ಮಾರಾಯ್ರೆ" ಅಂದರು. "ನಿಮ್ಮದಿನ್ನೂ ಪ್ರೊಬೇಷನ್. ನನಗೆ ರಿಟೈರಾಗ್ಲಿಕ್ಕೆ ಇನ್ನು ಎರಡು ವರ್ಷ ಉಂಟು, ಅಷ್ಟೆ. ಮಕ್ಕಳು ಕೇಳಿದ್ದು ತಪ್ಪಲ್ಲ, ನೀವು ಹೇಳಿದ್ದೂ ತಪ್ಪಲ್ಲ. ಹತ್ತು ಎರಡುಂಟಲ್ಲ, ಎಂತ ಮಾಡುದು?"

ನಾನು ಒಳಗೆ ಹೋಗಲಿಲ್ಲ. ಅವರು ಹೇಳಿದ್ದಕ್ಕೆ ಸುಮ್ಮನಾದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ, ಅವರು ಹಾಗೆ ಹೇಳಲಿ ಎಂದೇ ಕಾಯುತ್ತಿದ್ದೆ.

ಪಾಠಕ್ಕೆ ಮಕ್ಕಳನ್ನು ಕೋಣೆಯಿಂದ ಹೊರಗೆ ಒಯ್ಯಬಾರದೆಂದು ಅವರಿಗೆ ಲಿಖಿತ ಸೂಚನೆ ಬಂತು. ಮೆಟ್ಟಲ ಪಾಠವೂ ನಿಂತಿತು. ಉಳಿದ ಎರಡು ವರ್ಷ ಅವರು ಬೋರ್ಡಿನ ಮೇಲೆ ಮೆಟ್ಟಲು ಬರೆದರು, ಹೊಳೆ ಬರೆದರು. ಚಂದವಾಗಿಯೇ ಬರೆಯುತ್ತಿದ್ದರು. ನಡುನಡುವೆ ಸೀಮೆಸುಣ್ಣ ಹಿಡಿದ ಕೈ ನಿಲ್ಲುತ್ತಿತ್ತು, ಕಿಟಕಿಯ ಕಡೆ ನೋಡುತ್ತಿದ್ದರು. ಪಕ್ಕದ ಕೋಣೆಯಲ್ಲಿ ನಾನು ಮಗ್ಗಿ ಹೇಳಿಸುವಾಗ ಒಂಬತ್ತಕ್ಕೆ ಬಂದರೆ ನಿಲ್ಲಿಸಿಬಿಡುತ್ತಿದ್ದೆ. ಹತ್ತನ್ನು ಮಕ್ಕಳೇ ಹೇಳಿ ಮುಗಿಸುತ್ತಿದ್ದರು. ಈಗಲೂ ಹಾಗೆಯೇ.

ಬೀಳ್ಕೊಡುಗೆಯ ದಿನ ಮೈಕು ನನ್ನ ಕೈಗೆ ಬಂತು. ಹೇಳಿಯೇಬಿಡಬೇಕೆಂದು ಬರೆದುಕೊಂಡು ಹೋಗಿದ್ದೆ. ನನ್ನ ಪ್ರೊಬೇಷನ್ ಮುಗಿದಿತ್ತು, ಯಾವ ಭಯವೂ ಇರಲಿಲ್ಲ. ಆದರೂ "ನನಗೆ ಮಾರ್ಗದರ್ಶಕರಾಗಿದ್ದರು" ಎಂದು ಹೇಳಿ ಕೂತೆ. ಅವರು ಚಪ್ಪಾಳೆ ತಟ್ಟಿದರು.

ಆಮೇಲೆ ಅವರು ಮಗಳ ಮನೆಗೆ, ಬೆಟ್ಟಂಪಾಡಿಗೆ ಹೋದರು. ನನಗೂ ಪುತ್ತೂರು ತಾಲೂಕಿಗೇ ವರ್ಗವಾಯಿತು. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿಯೂ ಅಲ್ಲ. ಒಂದು ಆದಿತ್ಯವಾರ ಹೋಗಿ ಬರಬೇಕು, ಮುಂದಿನ ರಜೆಯಲ್ಲಿ ಹೋಗಬೇಕು... ಕಳೆದ ಮಳೆಗಾಲದಲ್ಲಿ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೋ ಬಂತು. ಕೆಳಗೆ ಸಾಲು ಸಾಲು ಕೈಮುಗಿದ ಚಿತ್ರಗಳು. ನಾನೂ ಒಂದು ಹಾಕಿದೆ.

ಮೊನ್ನೆ ತರಬೇತಿಯಲ್ಲಿ ಆ ಹಗ್ಗ ತೋರಿಸಿದೆ. ಇಪ್ಪತ್ತೈದು ಮೂವತ್ತು ಶಿಕ್ಷಕರು ಅದನ್ನು ಹಿಡಿದು ಮಕ್ಕಳ ಹಾಗೆ ಖುಷಿಯಿಂದ ಸಾಲು ನಿಂತರು. ಕಡಬದ ಕಡೆಯ ಒಬ್ಬ ಯುವ ಶಿಕ್ಷಕಿ ಎಣಿಸತೊಡಗಿದರು. ಒಂಬತ್ತರ ತನಕ ಬಂದು ನನ್ನ ಕಡೆ ತಿರುಗಿ, "ಹತ್ತಕ್ಕೆ ಎಂತ ಮಾಡುದು ಸರ್?" ಅಂದರು.

ಹೇಳಿದೆ. ಮೊದಲಿನಿಂದ ಹೇಳಿದೆ, ಕೂಗಿದ್ದು ಯಾರೆಂಬುದನ್ನೂ. ನಿಲ್ಲಿಸುವ ಮಾತು ಬೇರೆ, ಓಡಿಸುವ ಮಾತು ಬೇರೆ ಇರಬೇಕು. ಎರಡನ್ನೂ ಮಕ್ಕಳ ಮನೆಮಾತಿನಲ್ಲೇ ಹೇಳಿಸಿ ನೋಡಿ. ಜೊತೆಗೆ ಬರುವ ಮಾಷ್ಟ್ರಿಗೂ ಮೊದಲೇ ಕಲಿಸಿ ಅಂದೆ. ಅಷ್ಟೂ ಜನ ಹಗ್ಗ ಹಿಡಿದುಕೊಂಡೇ ಕೇಳಿದರು. ಯಾರೂ ಅಲುಗಲಿಲ್ಲ.

"ಆ ಟೀಚರ್ ಈಗ ಎಲ್ಲಿದ್ದಾರೆ ಸರ್?" ಆ ಶಿಕ್ಷಕಿಯೇ ಕೇಳಿದರು. "ಅವರಿಗೆ ಗೊತ್ತುಂಟಾ, ನೀವು ಹೀಗೆ ಎಲ್ಲರ ಎದುರು ಹೇಳಿದ್ದು?"

"ಇಲ್ಲ" ಅಂದೆ. ಎರಡು ಪ್ರಶ್ನೆಗೂ ಅದೇ ಉತ್ತರವಾಯಿತು.

ತರಬೇತಿ ಮುಗಿದ ಮೇಲೆ ಹಗ್ಗವನ್ನು ಮನೆಗೆ ತಂದು ಅಂಗಳದ ತಂತಿಗೆ ಉದ್ದಕ್ಕೂ ಹರಡಿದ್ದೇನೆ. ಎರಡು ದಿನದಿಂದ ಒಳ್ಳೆಯ ಬಿಸಿಲು. ಗಂಟುಗಳೆಲ್ಲ ಸ್ವಲ್ಪ ಸಡಿಲವಾಗಿವೆ, ಆ ಹುಡುಗಿ ಹಿಡಿದಿದ್ದ ಒಂದನ್ನು ಬಿಟ್ಟು. ವಾಸನೆ ಮಾತ್ರ ಇನ್ನೂ ಹೋಗಿಲ್ಲ. ಅವತ್ತು ಹೊಳೆಯಿಂದ ತಂದ ಹಗ್ಗವನ್ನು ಯಾರೂ ನೋಡದಿರಲಿ ಎಂದು, ಒಣಗುವ ಮೊದಲೇ ಸುತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದವನು ನಾನೇ.