ಚಿಕ್ಕಪ್ಪ ಸರಿಮಾಡಿದ ಗಡಿಯಾರ

ಈ ಪತ್ರಿಕೆಯವರಿಗೆ ಬೇರೆ ಕೆಲಸವಿಲ್ಲ ನೋಡಿ. ಇವತ್ತು ಬೆಳಿಗ್ಗೆ ಕಾಫಿ ಗಂಟಲಿಗಿಳಿಯುವ ಮೊದಲೇ ಪುರವಣಿಯಲ್ಲಿ ಕಣ್ಣಿಗೆ ಬಿತ್ತು: ಕಾಲದಲ್ಲಿ ಹಿಂದಕ್ಕೆ ಹೋಗಬಹುದೇ, ಭೌತಶಾಸ್ತ್ರ ಏನನ್ನುತ್ತದೆ? ಅಯ್ಯೋ ಶಿವನೇ! ಈ ಪ್ರಶ್ನೆಯಿಂದ ನಾನು ಐವತ್ತರ ದಶಕದಲ್ಲೇ, ಬಂಗಾರಪೇಟೆಯಲ್ಲಿ, ತಲೆ ಚಿಟ್ಟು ಹಿಡಿಸಿಕೊಂಡವಳು.

ಹೈಸ್ಕೂಲು ಓದಲೆಂದು ನನ್ನನ್ನು ಚಿಕ್ಕಪ್ಪನ ಮನೆಯಲ್ಲಿ ಬಿಟ್ಟಿದ್ದರು. ಚಿಕ್ಕಪ್ಪ ಸೈನ್ಸ್ ಮೇಷ್ಟ್ರು. ಊಟಕ್ಕೆ ಕೂತರೂ ಕಾಲದ ಪುರಾಣವೇ. ಓಡುವ ರೈಲಿನಲ್ಲಿಟ್ಟ ಗಡಿಯಾರ ಮನೆಯಲ್ಲಿಟ್ಟ ಗಡಿಯಾರಕ್ಕಿಂತ ನಿಧಾನವಂತೆ. ಹೆಚ್ಚುಕಮ್ಮಿ ಬೆಳಕಿನಷ್ಟೇ ಜೋರಾಗಿ ಹೋಗಿಬಂದವನು ಮುಂದಿನ ಕಾಲಕ್ಕೆ ಬಂದಿಳಿಯುತ್ತಾನಂತೆ. ಆಕಾಶದಿಂದ ಉದುರುವ ಯಾವುದೋ ಕಣಗಳು, ಹುಟ್ಟಿದ ಕೂಡಲೇ ಸಾಯಬೇಕಾದವು, ಆ ಜೋರಿನಿಂದಲೇ ಬದುಕಿ ನೆಲ ಮುಟ್ಟುತ್ತವಂತೆ. "ಹಾಗಾದ್ರೆ ಹಿಂದಕ್ಕೂ ಹೋಗಬೋದಾ ಚಿಕ್ಕಪ್ಪ?" ಅಂತ ಬಾಯಿತಪ್ಪಿ ಕೇಳಿದೆನೋ, ಮುಗಿಯಿತು. "ಸೂತ್ರಗಳು ಬಾಗಿಲು ಹಾಕಿಲ್ಲಮ್ಮ, ಆದ್ರೆ..." ಆ 'ಆದ್ರೆ' ಮುಗಿಯುವಷ್ಟರಲ್ಲಿ ಸಾರು ತಣ್ಣಗಾಗಿರುತ್ತಿತ್ತು. ಹೌದು, ಇಲ್ಲ ಅಂತ ಒಂದೇ ಮಾತಲ್ಲಿ ಉತ್ತರ ಹೇಳಿದ ಮನುಷ್ಯನೇ ಅಲ್ಲ.

ಚಿಕ್ಕಮ್ಮನ ತವರು ಚಿನ್ನದ ಗಣಿಯ ಊರಿಗಾಂ. ಅಲ್ಲಿ ಮೈನ್ಸಿನ ಸೈರನ್ನೇ ಗಡಿಯಾರ. ಅದು ಕೂಗಿದರೆ ಏಳಬೇಕು, ಕೂಗಿದರೆ ಉಣ್ಣಬೇಕು. ಬಂಗಾರಪೇಟೆಗೆ ಅದು ಕೇಳಿಸದು. ರೈಲು ತಪ್ಪದಿರಲಿ ಅಂತ ಚಿಕ್ಕಮ್ಮ ಗೋಡೆ ಗಡಿಯಾರವನ್ನು ಅರ್ಧ ಗಂಟೆ ಮುಂದಿಟ್ಟಿದ್ದರು. ಆಮೇಲೆ ಟೈಮು ನೋಡುವಾಗಲೆಲ್ಲ ಎಲ್ಲರೂ ಆ ಅರ್ಧ ಗಂಟೆಯನ್ನು ಮನಸ್ಸಲ್ಲೇ ಕಳೆಯುವುದು! ಇಂಥ ಬುದ್ಧಿವಂತಿಕೆಗೆ ಏನು ಹೇಳೋಣ? ಆದರೂ ಸಂಸಾರ ನಡೆದಿತ್ತು.

ಬೇಸಿಗೆ ರಜೆ. ಚಿಕ್ಕಪ್ಪ ಪೇಪರು ತಿದ್ದಲು ಸ್ಕೂಲಿಗೆ ಹೋಗಿದ್ದರು. ಊರಿಗಾಂನಿಂದ ಆಳು ಬಂದು, ಚಿಕ್ಕಮ್ಮನ ತಾಯಿಗೆ ಕಾಯಿಲೆ ಜೋರಾಗಿದೆ, ಮಗಳನ್ನೇ ಕೇಳ್ತಿದ್ದಾರೆ, ಮಧ್ಯಾಹ್ನದ ರೈಲಿಗೇ ಬರಬೇಕು ಅಂದ. ನೇರ ಸ್ಟೇಷನ್ನಿಗೇ ಬನ್ನಿ ಅಂತ ಚಿಕ್ಕಪ್ಪನಿಗೆ ಹೇಳಿಕಳಿಸಿದೆವು. ಚಿಕ್ಕಮ್ಮ ಗಡಿಯಾರ ನೋಡಿ, ಎಂದಿನಂತೆ ಅರ್ಧ ಗಂಟೆ ಕಳೆದರು. "ಇನ್ನೂ ಬೇಕಾದಷ್ಟು ಹೊತ್ತೈತೆ ಕಣೆ. ಅವ್ವಂಗೆ ಒಂಚೂರು ಗಂಜಿ ಕಾಯಿಸ್ಕೊಂಡೇ ಓಗಾನ."

ಸ್ಟೇಷನ್ನಿಗೆ ಹೋದರೆ ರೈಲಿಲ್ಲ. ಚಿಕ್ಕಪ್ಪ ಒಬ್ಬರೇ ನಿಂತಿದ್ದರು. "ಯಾಕೆ ಇಷ್ಟು ತಡ?" ಅಂದವರಿಗೆ ಏನು ಹೊಳೆಯಿತೋ, ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. "ಬೆಳಿಗ್ಗೆ ಗಡಿಯಾರ ಸರಿಮಾಡಿಬಿಟ್ಟೆ ಕಣೆ. ಮನೇಲಿ ಸುಳ್ಳು ಗಡಿಯಾರ ಇಟ್ಕೊಂಡು ಕಾಲದ ಬಗ್ಗೆ ಏನು ಓದೋದು ಅನ್ನಿಸ್ತು. ನಿಮಗೆ ಹೇಳೋದೇ ಮರೆತೆ."

ಇಂಥವರ ಕೈಲಿ ಏಗುವುದು ಹೇಗೆ, ನೀವೇ ಹೇಳಿ. ಸಂಜೆ ರೈಲಿಗೆ ಹೋದೆವು. ಅಜ್ಜಿಯನ್ನು ಆಗಲೇ ಜಗಲಿಯಲ್ಲಿ ಮಲಗಿಸಿದ್ದರು. "ಕೊನೇತಂಕ ನಿನ್ನೇ ಕೇಳ್ತಿದ್ಲು ಕಣಕ್ಕ" ಅಂದ ಚಿಕ್ಕಮ್ಮನ ತಮ್ಮ. ಗಂಜಿಯ ಪಾತ್ರೆ ಇನ್ನೂ ಚಿಕ್ಕಮ್ಮನ ಕೈಯಲ್ಲೇ ಇತ್ತು.

ಕಾರ್ಯವೆಲ್ಲ ಮುಗಿದು ಮನೆಗೆ ಬಂದ ದಿನ ಚಿಕ್ಕಮ್ಮ ಗಂಡನ ಎದುರಿಗೆ ಬಂದು ಕೂತರು. ಅಣಕಕ್ಕಲ್ಲ, ನಿಜವಾಗಿಯೇ ಕೇಳಿದರು: "ನಿಮ್ ಪುಸ್ತಕದಾಗೆ ಹಿಂದಕ್ಕೆ ಓಗಾಕೆ ದಾರಿ ಐತಾ? ನಂಗೆ ಅರ್ಧ ಗಂಟೆ ಸಾಕು."

ನಾನು ಕಾದೆ. ಸೂತ್ರವೋ ಬಾಗಿಲೋ, ಏನಾದರೂ ಶುರುಮಾಡಲಿ ದೇವರೇ, ಇವತ್ತು ಎಷ್ಟು ಹೊತ್ತಾದರೂ ಕೇಳ್ತೀನಿ ಅಂದುಕೊಂಡೆ.

"ಇಲ್ಲ ಕಣೆ" ಅಂದರು ಚಿಕ್ಕಪ್ಪ.

ಆ ಗಡಿಯಾರಕ್ಕಾಗಿ ಇಷ್ಟು ವರ್ಷವೂ ಅವರನ್ನು ಬೈದುಕೊಂಡೇ ಬಂದಿದ್ದೇನೆ. ಇವತ್ತು ಇದನ್ನು ಬರೆಯಲು ಕೂತರೆ ಆ ಸಿಟ್ಟು ಹುಡುಕಿದರೂ ಸಿಗುತ್ತಿಲ್ಲ. ಆ ಒಂದು ಮಾತು ಹೇಳುವಾಗ ಅವರು ಚಿಕ್ಕಮ್ಮನ ಮುಖದಿಂದ ಕಣ್ಣು ತೆಗೆಯಲಿಲ್ಲ.