ನಾಲ್ಕು ಪದರ ದಾಟುವ ಮಿಷನ್ನು

ಶನಿವಾರ ಹತ್ತೂವರೆಗೆ ತುಮಕೂರಿನ ಬಟವಾಡಿಯ ಮನೆ ಬಿಟ್ಟೆವು. ಒಂಬತ್ತಕ್ಕೇ ಹೊರಡಬೇಕಿತ್ತು. ನಾನು ಎಂಟೂವರೆಗೇ ಚಪ್ಪಲಿ ಮೆಟ್ಟಿ ಗೇಟಿನ ಬಳಿ ನಿಂತಿದ್ದೆ. ನಮ್ಮ ಅತ್ತೆ ಸರೋಜಮ್ಮ ಮಾತ್ರ ಒಮ್ಮೆ ಕಾಫಿ ಅಂದರು, ಇನ್ನೊಮ್ಮೆ ಕನ್ನಡಕ ಅಂದರು, ಆಮೇಲೆ ತುಳಸಿ ಗಿಡಕ್ಕೆ ನೀರು ಅಂದರು. ನಾನು ಗೇಟಿನ ಚಿಲಕ ತೆಗೆಯುವುದು, ಹಾಕುವುದು ಮಾಡುತ್ತಿದ್ದೆ. ಚರ್ಮ ಹೊಲಿಯುವ ದೊಡ್ಡ ಮಿಷನ್ನು ಕೊಳ್ಳಲು ಹೊರಟಿದ್ದೆ, ಜೀವನದಲ್ಲಿ ಮೊದಲ ಸಲ!

ನಾನು ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಬೆಳಿಗ್ಗೆ ಜನಕ್ಕೆ ಸೂಜಿ, ಸಂಜೆ ಚರ್ಮಕ್ಕೆ ಸೂಜಿ ಎಂದು ಗಂಡ ರೇಗಿಸುತ್ತಾನೆ. ಆರು ವರ್ಷದಿಂದ ಬ್ಯಾಗು, ಬೆಲ್ಟು, ತೆಂಗಿನ ಮರ ಹತ್ತುವವರು ಮಚ್ಚು ಸಿಕ್ಕಿಸಿಕೊಳ್ಳುವ ಸೊಂಟಪಟ್ಟಿ ಎಲ್ಲವನ್ನೂ ಕೈಯಲ್ಲೇ ಹೊಲಿದಿದ್ದೇನೆ. ಈಗ ಬಲಗೈ ಹೆಬ್ಬೆರಳು ಕೈಕೊಟ್ಟಿದೆ. ‘ಚರ್ಮ ಚುಚ್ಚೋದು ಬಿಡಿ, ಇಲ್ಲಾಂದ್ರೆ ನಾಳೆ ಸಿರಿಂಜ್ ಹಿಡಿಯೋಕೂ ಆಗಲ್ಲ’ ಎಂದು ಡಾಕ್ಟರು ಹೇಳಿಬಿಟ್ಟರು. ಮಿಷನ್ನು ಸಿಕ್ಕರೆ ಈ ಕೆಲಸ ಉಳಿಯುತ್ತದೆ, ಇಲ್ಲವಾದರೆ ಇಲ್ಲ.

ಅತ್ತೆ ಮೂವತ್ತು ವರ್ಷ ಮಹಿಳಾ ಸಮಾಜದಲ್ಲಿ ಹೊಲಿಗೆ ಕಲಿಸಿದವರು. ಅವರ ತುಳಿಯುವ ಮಿಷನ್ನು ಇಂದಿಗೂ ಹಾಲ್‌ನ ಕಿಟಕಿಯ ಪಕ್ಕದಲ್ಲಿದೆ. ಅದನ್ನು ಒಂದಿಂಚು ಸರಿಸಲು ಯಾರಿಗೂ ಧೈರ್ಯವಿಲ್ಲ. ಇನ್ನು ಚರ್ಮವನ್ನು ಅವರು ಮುಟ್ಟುವುದಿಲ್ಲ, ಒಳಗೂ ಬಿಡುವುದಿಲ್ಲ. ನನ್ನ ಕೆಲಸವೆಲ್ಲ ಪೋರ್ಟಿಕೋದಲ್ಲಿ. ‘ಮಿಷನ್ ತಗೋ, ಬ್ಯಾಡ ಅನ್ನಲ್ಲ. ಹೊಸಿಲು ಮಾತ್ರ ದಾಟಿಸ್ಬೇಡ’ ಎಂದಿದ್ದರು. ಹಾಗಿದ್ದರೆ ಜೊತೆಗೆ ಬರುವುದೇಕೆ ಎಂದು ಕೇಳಿದ್ದಕ್ಕೆ, ‘ಮಿಷನ್ ನೋಡೋಕೆ ನನ್ನ ಬಿಟ್ಟು ಹೋಗ್ತೀಯೇನೇ?’ ಎಂದು ಮುಖ ಊದಿಸಿಕೊಂಡರು.

ಆಟೊದವನು ಎಂಬತ್ತು ರೂಪಾಯಿ ತೆಗೆದುಕೊಂಡು ಪೇಟೆಯ ಅಂಗಡಿಯ ಮುಂದೆ ಇಳಿಸಿದ. ಒಳಗೆ ಹೊಸ ಮಿಷನ್ನುಗಳು ಸಾಲಾಗಿ ಮಿರಿಮಿರಿ ಮಿಂಚುತ್ತಿದ್ದವು. ಮಾಲೀಕರು ಮೋಟರಿನ ಒಂದು ಮಿಷನ್ನಿಗೆ ಎರಡು ಪದರ ಮೆತ್ತನೆಯ ಚರ್ಮ ಕೊಟ್ಟು ನನ್ನನ್ನು ಕೂರಿಸಿದರು. ಪೆಡಲಿಗೆ ಕಾಲು ತಾಗಿಸಿದೆನೋ ಇಲ್ಲವೋ, ಗರ್ರ್ ಎಂದು ಓಡಿ ಚರ್ಮದ ಅಂಚನ್ನೂ ದಾಟಿ ಗಾಳಿಯಲ್ಲಿ ಹೊಲಿಯತೊಡಗಿತು. ನನಗೋ ಖುಷಿಯೋ ಖುಷಿ. ಕೈಯಲ್ಲಿ ಒಂದು ಸಂಜೆ ಹಿಡಿಯುವ ಹೊಲಿಗೆ ಕಣ್ಣು ಮಿಟುಕಿಸುವುದರೊಳಗೆ ಮುಗಿದಿತ್ತು.

‘ಸ್ಪೀಡ್ ನೋಡಿದ್ರಾ ಮೇಡಂ? ಇಂಥ ಪೀಸು ಇದೊಂದೇ ಉಳಿದಿರೋದು’ ಎಂದರು ಮಾಲೀಕರು. ನಾನು ಫೋನ್ ತೆಗೆದು ಅಡ್ವಾನ್ಸ್ ಹಾಕಲು ಸಿದ್ಧಳಾದೆ.

ಅಷ್ಟರಲ್ಲಿ ಅತ್ತೆ, ‘ಗೀತಾ, ರಾಹುಕಾಲ ಕಣೇ. ಈಗ ಬ್ಯಾಡ. ಗುಬ್ಬೀಲಿ ಇನ್ನೊಂದು ನೋಡೋದಿದೆಯಲ್ಲ, ಹೋಗ್ಬರೋಣ ನಡಿ’ ಎಂದು ಎದ್ದು ನಿಂತರು.

ನನಗೆ ಉರಿದುಹೋಯಿತು. ಮಾಲೀಕರು ಮಾತ್ರ ಗೋಡೆಯ ಕ್ಯಾಲೆಂಡರನ್ನೂ ಗಡಿಯಾರವನ್ನೂ ನೋಡಿ ನಕ್ಕರು. ‘ಆಗ್ಲಿ ಅಮ್ಮಾ, ನಿಧಾನಕ್ಕೆ ಬನ್ನಿ’ ಎಂದರು.

ಗುಬ್ಬಿ ಬಸ್ಸಿನಲ್ಲಿ ಇಬ್ಬರಿಗೂ ಹೆಂಗಸರ ಉಚಿತ ಟಿಕೆಟ್. ಇಪ್ಪತ್ತು ಕಿಲೋಮೀಟರ್ ದಾರಿಯುದ್ದಕ್ಕೂ ನಾನು ಕಿಟಕಿಯತ್ತಲೇ ಮುಖ ತಿರುಗಿಸಿ ಕೂತಿದ್ದೆ. ಮೋಡ ಮುಚ್ಚಿ ವಿಪರೀತ ಸೆಕೆಯಾಗಿತ್ತು. ಬಸ್ ನಿಲ್ದಾಣದ ಹತ್ತಿರದ ಮೆಸ್ಸಿನಲ್ಲಿ ಮುದ್ದೆ, ಬಸ್ಸಾರು ಉಂಡ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧವನ್ನು ಮಜ್ಜಿಗೆ ಇಳಿಸಿತು.

ಗುಬ್ಬಿಯ ಶಿವಣ್ಣ ಗಾಡಿಗಳಿಗೆ ಸೀಟ್ ಕವರ್ ಹೊಲಿಯುತ್ತಿದ್ದವರು. ಈಗ ಕೊಬ್ಬರಿ ವ್ಯಾಪಾರಕ್ಕಿಳಿದು ಹಳೆಯ ಮಿಷನ್ನನ್ನು ಮಾರಲು ಇಟ್ಟಿದ್ದರು. ಟೌನಿನ ಮಿಷನ್ನಿನ ಸುದ್ದಿ ಕೇಳಿ, ನಾನು ತೋರಿಸಲು ತಂದಿದ್ದ ಸೊಂಟಪಟ್ಟಿಯನ್ನು ತಿರುಗಿಸಿ ನೋಡಿ, ‘ಮಚ್ಚಿನ ಒರೆ ಸೇರೋ ಜಾಗ ನಾಕು ಪದ್ರ ಐತೆ. ಟೌನಲ್ಲಿ ಇದನ್ನ ಹೊಲ್ದು ನೋಡುದ್ರಾ?’ ಎಂದು ಕೇಳಿದರು.

ನಾನು ನಾಲಿಗೆ ಕಚ್ಚಿಕೊಂಡೆ. ಅದಕ್ಕೆಂದೇ ಅಂಚಿನಲ್ಲಿ ಎರಡು, ನಡುವೆ ನಾಲ್ಕು ಪದರ ಅಂಟಿಸಿದ ತುಂಡನ್ನು ಮನೆಯಿಂದ ತಂದಿದ್ದೆ. ಅದು ಬ್ಯಾಗಿನಿಂದ ಹೊರಗೇ ಬಂದಿರಲಿಲ್ಲ.

ಶಿವಣ್ಣ ಆ ತುಂಡನ್ನು ತಮ್ಮ ಮಿಷನ್ನಿಗೆ ಕೊಟ್ಟರು. ಎರಡು ಪದರದ ಮೇಲೆ ಚೆನ್ನಾಗಿ ನಡೆದದ್ದು, ದಪ್ಪ ಬಂದ ಕೂಡಲೇ ನಿಂತಲ್ಲೇ ಕುಟ್ಟಿತು. ಸೂಜಿ ಬಾಗಿ ಟಕ್ ಎಂದು ಮುರಿಯಿತು.

‘ಕೆಳಗಿನ ಹಲ್ಲು ಚರ್ಮ ಎಳೀತೈತೆ, ಮೇಲೆ ಒತ್ತಿ ಹಿಡಿಯೋ ಕಾಲು ಸುಮ್ಕೆ ಕುಂತೈತೆ’ ಎಂದು ಶಿವಣ್ಣನೇ ಒಪ್ಪಿಕೊಂಡರು. ‘ಟೌನಿಂದೂ ಇದೇ ಜಾತಿದು ಕಣಮ್ಮ, ಮೋಟ್ರು ಹೊಸದು ಅಷ್ಟೆ. ನಿಮ್ಗೆ ಮೇಲೂ ಕೆಳಗೂ ಎರಡೂ ನಡೆಯೋದು ಬೇಕು. ಕುಣಿಗಲ್‌ಗೆ ಹೋಗಿ. ಕುದುರೆ ಜೀನು ಹೊಲೀತಿದ್ದ ಚಿಕ್ಕರಂಗಯ್ಯ ಅಂತ ಅವ್ರೆ, ಅವ್ರತ್ರ ಒಂದೈತೆ.’ ತಮ್ಮ ಮಿಷನ್ನು ಕೊಳ್ಳಲು ಬಂದ ಗಿರಾಕಿಯನ್ನು ಹೀಗೆ ಕಳಿಸಿಕೊಡುವವರನ್ನು ನಾನು ಮೊದಲ ಸಲ ಕಂಡೆ.

ತುಮಕೂರಿಗೆ ವಾಪಸು ಬಂದು, ಬಸ್ಸು ಬದಲಿಸಿ, ಹೆಬ್ಬೂರಿನ ಮೇಲೆ ಕುಣಿಗಲ್ ಸೇರಿದಾಗ ನಾಲ್ಕೂವರೆ. ಚಿಕ್ಕರಂಗಯ್ಯ ಹುತ್ರಿದುರ್ಗದ ಕಡೆಯವರು, ಎಪ್ಪತ್ತು ದಾಟಿದೆ. ಕಣ್ಣು ಮಂಜಾಗಿ ಕೆಲಸ ನಿಲ್ಲಿಸಿದ್ದಾರೆ. ಆದರೂ ಮೂಲೆಯ ಮಿಷನ್ನಿನ ಮೇಲೆ ಧೂಳಿರಲಿಲ್ಲ. ಕಪ್ಪು ಬಣ್ಣ, ಎಮ್ಮೆಕರುವಿನ ಗಾತ್ರ, ಮೋಟರಿಲ್ಲ. ಕಾಲಲ್ಲಿ ತುಳಿಯಬೇಕು.

‘ಎಷ್ಟು ಸ್ಪೀಡ್ ಓಡುತ್ತೆ?’ ಎಂದು ಕೇಳಿದೆ.

‘ಎಲ್ಲಾರೂ ಇದ್ನೇ ಕೇಳ್ತಾರೆ’ ಎಂದರು ಅಜ್ಜ. ‘ಎಷ್ಟು ನಿಧಾನಕ್ಕೆ ಓಡ್ತದೆ ಅಂತ ಒಬ್ರೂ ಕೇಳಕಿಲ್ಲ. ಕುದ್ರೆ ಮ್ಯಾಲಿರೋನ ಜೀವ ಹೊಲ್ಗೆ ಮ್ಯಾಲಿರ್ತದೆ ತಾಯಿ. ಕೂತ್ಕಂಡು ನೋಡು.’

ಕೂತೆ. ತುಳಿದೆ. ಗಾಲಿ ಹಿಂದಕ್ಕೆ ತಿರುಗಿ ದಾರ ಪಟ್ಟನೆ ಹರಿಯಿತು. ಇನ್ನೊಮ್ಮೆ ಪೋಣಿಸಿ ತುಳಿದೆ, ಮತ್ತೆ ಹಿಂದಕ್ಕೇ ಹೋಯಿತು. ಮೂರನೆಯ ಸಲ ದಾರವೆಲ್ಲ ಅಡಿಯಲ್ಲಿ ಗೂಡು ಕಟ್ಟಿಕೊಂಡಿತು. ಬೆಳಗಿನಿಂದ ಉಬ್ಬಿದ್ದ ನನ್ನ ಉತ್ಸಾಹವೆಲ್ಲ ಅಲ್ಲೇ ಸೋರಿಹೋಗಿ ಅಳು ಬರುವಂತಾಯಿತು.

‘ಅಯ್ಯೋ, ಏಳೇ ಅತ್ಲಾಗೆ!’ ಅತ್ತೆ ನನ್ನ ಭುಜ ಹಿಡಿದು ಎಬ್ಬಿಸಿಯೇಬಿಟ್ಟರು. ಸೆರಗು ಸಿಕ್ಕಿಸಿ ಕೂತರು. ಗೂಡು ಬಿಡಿಸಿದರು, ದಾರ ಪೋಣಿಸಿದರು. ಬಲಗೈಯಿಂದ ಗಾಲಿಯನ್ನು ತಮ್ಮತ್ತ ಒಂದು ಸುತ್ತು ಎಳೆದು, ಆ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ತುಳಿಯತೊಡಗಿದರು. ಟಕ್, ಟಕ್, ಟಕ್. ಮೇಲಿನ ಕಾಲೂ ಕೆಳಗಿನ ಹಲ್ಲೂ ಒಟ್ಟಿಗೆ ಹೆಜ್ಜೆ ಹಾಕಿದವು. ನಾಲ್ಕು ಪದರದ ದಿಣ್ಣೆ ಬಂತು. ನಾನು ಬಗ್ಗಿ ನೋಡಿದೆ. ಮಿಷನ್ನು ಅದನ್ನು ಹತ್ತಿತು, ದಾಟಿತು, ಇಳಿಯಿತು. ಒಂದು ಹೊಲಿಗೆಯೂ ತಪ್ಪಲಿಲ್ಲ. ನಾನು ಚಪ್ಪಾಳೆ ತಟ್ಟಿಬಿಟ್ಟೆ.

ಅತ್ತೆ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡುತ್ತಿದ್ದರು. ಚರ್ಮ ಅವರ ಕೈಯಲ್ಲಿದೆ ಎಂಬುದು ನನಗೆ ಆಗ ಹೊಳೆಯಿತು. ಚಪ್ಪಾಳೆ ತಟ್ಟಿದ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದೆ.

‘ಇದ್ನ ಎಲ್ಲಿಕ್ಕೀರಿ?’ ಎಂದು ಅಜ್ಜ ಕೇಳಿದರು. ‘ಮಳೆ ಎರಚಲು ಬಡಿಯೋ ಕಡೆ ಇಕ್ಕೋ ಹಂಗಿದ್ರೆ ಕೊಡಕಿಲ್ಲ, ಈಗ್ಲೇ ಹೇಳ್ಬುಡ್ತೀನಿ. ಒಂದೇ ಮಳೆಗಾಲಕ್ಕೆ ತುಕ್ಕು ಹಿಡೀತದೆ.’

ನಮ್ಮ ಪೋರ್ಟಿಕೋಗೆ ಎರಡು ಕಡೆಯಿಂದ ಎರಚಲು. ಸುಳ್ಳು ಹೇಳಿದರೆ ಮಿಷನ್ನಿಗೆ ತುಕ್ಕು, ನಿಜ ಹೇಳಿದರೆ ಮಿಷನ್ನೇ ಇಲ್ಲ. ಅತ್ತೆಯತ್ತ ತಿರುಗಿದೆ.

‘ಹಾಲಲ್ಲಿ ಇಡ್ತೀವಿ, ಕಿಟಕಿ ಪಕ್ಕ’ ಎಂದರು ಅತ್ತೆ, ಮಿಷನ್ನಿನಿಂದ ಕಣ್ಣು ತೆಗೆಯದೆ. ‘ಎಡಗಡೆಯಿಂದ ಬೆಳಕು ಬರ್ಬೇಕಲ್ಲ.’

ಇಪ್ಪತ್ತೆಂಟು ಸಾವಿರಕ್ಕೆ ಮಾತಾಯಿತು. ಲಗೇಜ್ ಆಟೊದ ಹಿಂದೆ ಮಿಷನ್ನನ್ನು ಹಗ್ಗದಲ್ಲಿ ಕಟ್ಟಿ, ನಾವಿಬ್ಬರೂ ಡ್ರೈವರ್ ಪಕ್ಕದಲ್ಲಿ ಒತ್ತಿಕೊಂಡು ಕೂತೆವು. ಚಿಕ್ಕರಂಗಯ್ಯ ಬಾಗಿಲಲ್ಲೇ ನಿಂತಿದ್ದರು. ತಿರುವಿನಲ್ಲಿ ಹಿಂತಿರುಗಿ ನೋಡಿದಾಗಲೂ ಅಲ್ಲೇ ಇದ್ದರು.

ಹೆಬ್ಬೂರು ದಾಟಿದ ಮೇಲೆ ತುಂಟತನ ತಡೆಯಲಾಗಲಿಲ್ಲ. ‘ಅತ್ತೆ, ಮನೆ ಒಳಗೆ ತರೋ ಹೊತ್ತಿಗೆ ರಾಹುಕಾಲ ಇರಲ್ವಾ?’

‘ಶನಿವಾರದ ರಾಹುಕಾಲ ಬೆಳಿಗ್ಗೆ ಹತ್ತೂವರೆಗೇ ಮುಗೀತದೆ ಕಣೇ. ಅಲ್ಲಿವರ್ಗೂ ನಿನ್ನ ಯಾಕೆ ಮನೇಲಿ ಕೂರಿಸ್ಕೊಂಡಿದ್ದೆ ಅನ್ಕೊಂಡೆ?’

‘ಮತ್ತೆ ಅಂಗಡೀಲಿ?’

‘ಆ ದಪ್ಪ ತುಂಡು ನೀನು ಬ್ಯಾಗಿಂದ ತೆಗೀಲೇ ಇಲ್ಲ. ಅವ್ರ ಮುಂದೆ ನಿನಗೆ ಬುದ್ಧಿ ಹೇಳೋಕಾಗ್ತದಾ? ನಾನೇ ತೆಗೆಯೋಣ ಅಂದ್ರೆ ಮುಟ್ಬೇಕಲ್ಲ.’ ತಮ್ಮ ಅಂಗೈ ಮೂಸಿ ನೋಡಿಕೊಂಡು, ‘ಚರ್ಮ ಅಂದ್ರೆ ಏನೋ ಅನ್ಕೊಂಡಿದ್ದೆ. ಎಣ್ಣೆ ವಾಸ್ನೆ ಅಷ್ಟೆ’ ಎಂದರು.

ಬಟವಾಡಿ ತಲುಪಿದಾಗ ಏಳೂವರೆ. ಗಂಡನೂ ಡ್ರೈವರೂ ಮಿಷನ್ನು ಹೊತ್ತರು. ಗಂಡ ಅಭ್ಯಾಸಬಲದಿಂದ ಪೋರ್ಟಿಕೋದ ಮೂಲೆಗೆ ತಿರುಗಿದ. ‘ಅಲ್ಲಲ್ಲ, ಒಳಗೆ’ ಎಂದೆ. ನನ್ನ ಮುಖವನ್ನೇ ನೋಡಿದ.

ಅತ್ತೆ ನಮಗಿಂತ ಮೊದಲೇ ಒಳಗೆ ಹೋಗಿದ್ದರು. ಕಿಟಕಿಯ ಪಕ್ಕ ಇರುವುದು ಒಂದೇ ಮಿಷನ್ನಿನ ಜಾಗ. ತಮ್ಮದನ್ನು ಹೂವಿನ ಹೊದಿಕೆ ಸಮೇತ ಒಬ್ಬರೇ ಎಳೆದು ಎದುರು ಗೋಡೆಗೆ ಒತ್ತಿ, ನೆಲದ ಮೇಲೆ ಕೂತು ಒದ್ದೆ ಬಟ್ಟೆಯಲ್ಲಿ ಅದರ ನಾಲ್ಕು ಕಾಲಿನ ಗುರುತುಗಳನ್ನು ಉಜ್ಜುತ್ತಿದ್ದರು. ಎಷ್ಟು ಉಜ್ಜಿದರೂ ಅವು ಹೋಗಲಿಲ್ಲ.

‘ಬುಡು’ ಎಂದು ಬಟ್ಟೆ ಹಿಂಡಿ ಎದ್ದರು. ‘ಆ ಗುರುತಿನ ಮೇಲೇ ಇಡಿ.’